ಕಾಂಕ್ರೀಟ್ ಕಟ್ಟಡದ ಉಕ್ಕಿನ ಕೀಲುಗಳಿಗೆ ಬೆಂಕಿಯಿಂದ ರಕ್ಷಣೆ

ಕಾಂಕ್ರೀಟ್ ಉರಿಯುವುದಿಲ್ಲ, ಉಕ್ಕೂ ಉರಿಯುವುದಿಲ್ಲ. ಹಾಗಿದ್ದರೆ ಕಂಬ, ತೊಲೆ, ಚಪ್ಪಡಿಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸುವ ಪ್ರೀಕಾಸ್ಟ್ ಕಟ್ಟಡಕ್ಕೆ ಬೆಂಕಿಯ ಭಯವೇಕೆ?

ಉತ್ತರ ಅದರ ಕೀಲುಗಳಲ್ಲಿದೆ. ತೊಲೆಯ ಭಾರವನ್ನು ಕಂಬಕ್ಕೆ ದಾಟಿಸುವುದು ಹಲವೆಡೆ ಒಂದು ಉಕ್ಕಿನ ಬ್ರಾಕೆಟ್ ಅಥವಾ ಬೆಸುಗೆ ಹಾಕಿದ ಫಲಕ. ತೊಲೆಯೊಳಗಿನ ಸರಳುಗಳಿಗೆ ಕಾಂಕ್ರೀಟಿನ ಹೊದಿಕೆಯಿದೆ. ಈ ಫಲಕ ಬರಿಮೈಯಲ್ಲಿ ನಿಂತಿರುತ್ತದೆ.

ಕೀಲು ಸೋತರೆ ಏನಾಗುತ್ತದೆ ಎಂಬುದನ್ನು ಲಂಡನ್ನಿನ 22 ಅಂತಸ್ತಿನ ರೋನನ್ ಪಾಯಿಂಟ್ ಕಟ್ಟಡ 1968ರಲ್ಲಿ ತೋರಿಸಿತು. ಅಲ್ಲಿ ಕಾರಣ ಬೆಂಕಿಯಲ್ಲ, 18ನೆಯ ಅಂತಸ್ತಿನ ಅನಿಲ ಸ್ಫೋಟ. ಗೋಡೆಯ ಫಲಕವೊಂದು ಕಳಚಿಕೊಂಡದ್ದೇ ತಡ, ಕಟ್ಟಡದ ಒಂದು ಮೂಲೆಯೇ ಕುಸಿದು ನಾಲ್ವರು ಸತ್ತರು.

ಐಎಸ್‌ಒ 834 ಪರೀಕ್ಷೆಯಲ್ಲಿ ಕುಲುಮೆಯ ಉಷ್ಣತೆ ಅರ್ಧ ಗಂಟೆಯಲ್ಲಿ ಸುಮಾರು 840° ಸೆ. ತಲಪುತ್ತದೆ. ಸಾಮಾನ್ಯ ಉಕ್ಕಿನ ಬಲ 600° ಸೆ.ನಲ್ಲೇ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಅದು ಕರಗಬೇಕಾಗಿಲ್ಲ, ಮೆತ್ತಗಾದರೆ ಸಾಕು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಲೋಹ ಕಾಯುವ ವೇಗವು ಬೆಂಕಿಗೆ ಒಡ್ಡಿದ ಮೇಲ್ಮೈಗೂ ಅದರ ಗಾತ್ರಕ್ಕೂ ಇರುವ ಅನುಪಾತವನ್ನು ಅವಲಂಬಿಸಿದೆ. 10 ಮಿ.ಮೀ. ದಪ್ಪದ ಫಲಕ ಎರಡೂ ಬದಿಯಿಂದ ಕಾದರೆ ಘನ ಮೀಟರ್ ಉಕ್ಕಿಗೆ 200 ಚದರ ಮೀಟರ್ ಮೇಲ್ಮೈ. ದಪ್ಪ 40 ಮಿ.ಮೀ. ಆದರೆ 50 ಮಾತ್ರ. ಒಂದು ಬದಿ ಕಾಂಕ್ರೀಟಿಗೆ ಅಂಟಿಕೊಂಡಿದ್ದರೆ ಅನುಪಾತ ಅರ್ಧವಾಗುತ್ತದೆ. ಕಾಂಕ್ರೀಟು ಒಂದಿಷ್ಟು ಶಾಖವನ್ನೂ ಹೀರಿಕೊಳ್ಳುತ್ತದೆ. ಇದು ಲಾಭವೇ ಸರಿ. ಆದರೆ ಉಕ್ಕಿನ ಉಷ್ಣವಾಹಕತೆ ಕಾಂಕ್ರೀಟಿನದರ ಸುಮಾರು 30 ಪಟ್ಟು. ಫಲಕದ ಹಿಂದೆ ಹುದುಗಿದ ಸರಳುಗಳ ಮೂಲಕ ಅದೇ ಶಾಖ ಒಳಹೊಕ್ಕು, ಸರಳಿಗೂ ಕಾಂಕ್ರೀಟಿಗೂ ಇರುವ ಹಿಡಿತವನ್ನು ಸಡಿಲಿಸಬಲ್ಲದು.

ಹಿಗ್ಗುವಿಕೆಯನ್ನೂ ಮರೆಯಬಾರದು. 10 ಮೀಟರ್ ಚಪ್ಪಡಿಯ ಸರಾಸರಿ ಉಷ್ಣತೆ 200° ಸೆ. ಏರಿದರೆ ಅದು ಸುಮಾರು 2 ಸೆಂ.ಮೀ. ಉದ್ದವಾಗುತ್ತದೆ. ಆ ತಳ್ಳಾಟವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಮೆತ್ತಗಾಗುತ್ತಿರುವ ಕೀಲು.

ರಕ್ಷಣೆಯ ಉಪಾಯಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಹಳೆಯದರ ಮೇಲೆ: ಕೀಲನ್ನು ಕಾಂಕ್ರೀಟಿನ ಗೂಡಿನೊಳಗೆ ಇಟ್ಟು, ಜೋಡಿಸಿದ ಬಳಿಕ ಗಾರೆ ತುಂಬುವುದು. ಗಾರೆಯಲ್ಲಿರುವ ನೀರು ಆವಿಯಾಗಲು ಶಾಖ ಬೇಕು. ಅಷ್ಟು ಹೊತ್ತು ಉಕ್ಕಿನ ಉಷ್ಣತೆ ಏರುವುದು ನಿಧಾನವಾಗುತ್ತದೆ. ಜಿಪ್ಸಂ ಹಲಗೆಯ ಗುಟ್ಟೂ ಇದೇ. ಶುದ್ಧ ಜಿಪ್ಸಂನ ತೂಕದಲ್ಲಿ ಸುಮಾರು 21 ಶೇಕಡಾ ಹರಳುನೀರು! ಕಾದಾಗ ನೊರೆಯಂತೆ ಉಬ್ಬಿ ಹೊದಿಕೆಯಾಗುವ ಬಣ್ಣಗಳೂ ಇವೆ. ಉಬ್ಬಲು ಎದುರಿಗೆ ಜಾಗವಿಲ್ಲದ ಇಕ್ಕಟ್ಟಿನ ಕೀಲುಗಳಿಗೆ ಅವು ಒಗ್ಗುವುದಿಲ್ಲ.

ಯಾವುದನ್ನು ಬಳಸಿದರೂ ಬೆಸುಗೆ ಮತ್ತು ಅದರ ತಪಾಸಣೆ ಮುಗಿದ ಮೇಲೆಯೇ ಹೊದಿಕೆ ಹಾಕಬೇಕು. ಅಷ್ಟರಲ್ಲಿ ಕೆಳಗೆ ಅಲಂಕಾರದ ಒಳಮಾಳಿಗೆ ಕಟ್ಟಿಬಿಟ್ಟರೆ, ಯಾವ ಗೂಡು ಖಾಲಿ ಉಳಿಯಿತೆಂದು ನೋಡಲು ಅದನ್ನೇ ಬಿಚ್ಚಬೇಕಾಗುತ್ತದೆ.