ಧರಣಿಯ ಅಂಗಳದಲ್ಲಿ ಚಂದ್ರಿ

ಸುರಪುರ, ಶಹಾಪುರಗಳಿಗೆ ರೈಲಿಲ್ಲ. ಬೆಂಗಳೂರಲ್ಲಿ ಧರಣಿ ಅಂದರೆ ಬಸ್ಸು ಹಿಡಿದು ಯಾದಗಿರಿಗೆ ಬಂದು ರಾತ್ರಿ ರೈಲು ಹತ್ತಬೇಕು. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ರೈತರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವ ದಾರಿ ಇದು. ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ನಡೆದರೆ ಫ್ರೀಡಂ ಪಾರ್ಕ್. 2021ರ ಪೊಲೀಸ್ ಆದೇಶದ ಬಳಿಕ ರಾಜಧಾನಿಯಲ್ಲಿ ಧರಣಿ ಕೂರಲು ಅದೊಂದೇ ಜಾಗ. ಅಲ್ಲಿ ಇನ್ನೂ ನಿಂತಿರುವ ಕಾವಲು ಗೋಪುರ ಹಳೆಯ ಸೆಂಟ್ರಲ್ ಜೈಲಿನದು. ಆ ಜೈಲಿನಲ್ಲಿ ಎಂಟು ತಿಂಗಳು ಕಳೆದವರು ‘ಸಂಸ್ಕಾರ’ ಚಿತ್ರದ ಚಂದ್ರಿಯ ಪಾತ್ರಧಾರಿ, ಸ್ನೇಹಲತಾ ರೆಡ್ಡಿ.

1932ರಲ್ಲಿ ಆಂಧ್ರದಲ್ಲಿ ಹುಟ್ಟಿದ ಅವರು ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಪತಿ ಪಟ್ಟಾಭಿರಾಮ ರೆಡ್ಡಿ ಕವಿ, ಇಬ್ಬರೂ ಲೋಹಿಯಾವಾದಿಗಳು. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿ 1970ರಲ್ಲಿ ತೆರೆಗೆ ತಂದಾಗ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶ್ ನಾರಣಪ್ಪ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದ ಆ ಚಿತ್ರವೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಸಿನಿಮಾ ಆಯಿತು.

ಚಿತ್ರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ. ಸಂಸ್ಕಾರ ಮಾಡಬೇಕಾದವರು ಯಾರು ಎಂದು ಗಂಡಸರು ಶಾಸ್ತ್ರ ತಿರುವುತ್ತಾರೆ. ಅವನ ಜೊತೆ ಬಾಳಿದ ಚಂದ್ರಿ ಮಾತಾಡುವುದು ಕಡಿಮೆ. ಮೈಮೇಲಿನ ಬಂಗಾರ ಬಿಚ್ಚಿ ಖರ್ಚಿಗೆಂದು ಇಡುತ್ತಾಳೆ. ಎಲ್ಲರ ಕಣ್ಣು ಹೆಣದಿಂದ ಒಡವೆಗೆ ಜಾರುತ್ತದೆ. ವಾದ ಮುಗಿಯುವ ತನಕ ಕಾಯುವಷ್ಟು ವ್ಯವಧಾನ ಅವಳಿಗಿಲ್ಲ.

ಸ್ನೇಹಲತಾ ಅವರಿಗೂ ಇರಲಿಲ್ಲ. ದನಿ ಎತ್ತಿದ ನಟಿಯರು ಬೇರೆಡೆಯೂ ಇದ್ದರು. 1971ರಲ್ಲಿ ಫ್ರಾನ್ಸಿನ ನಟಿಯರಾದ ಕ್ಯಾಥರೀನ್ ದೆನೂವ್, ಝಾನ್ ಮೊರೊ, ಡೆಲ್ಫೀನ್ ಸೇರಿಗ್ ಗರ್ಭಪಾತದ ಹಕ್ಕಿಗಾಗಿ 343 ಮಹಿಳೆಯರ ಹೇಳಿಕೆಗೆ ಸಹಿ ಹಾಕಿ, ಜೈಲಿನ ಅಪಾಯಕ್ಕೆ ಒಡ್ಡಿಕೊಂಡರು. ಸರ್ಕಾರ ಅವರನ್ನು ಮುಟ್ಟಲಿಲ್ಲ. ನಾಲ್ಕು ವರ್ಷಕ್ಕೆ ಕಾನೂನೇ ಬದಲಾಯಿತು. ಆದರೆ ನಮ್ಮಲ್ಲಿ ಅದೇ ವರ್ಷ ತುರ್ತುಪರಿಸ್ಥಿತಿ ಬಂತು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಗೆಳೆತನವೇ ಸಾಕಾಯಿತು. ಸ್ಫೋಟದ ಸಂಚಿನ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ 1976ರ ಮೇ 2ರಂದು ಬಂಧನ. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ಬಿಡಲಿಲ್ಲ.

ಒಬ್ಬರು ಮಲಗುವಷ್ಟು ಕೋಣೆ, ಮೂಲೆಯಲ್ಲಿ ಶೌಚಕ್ಕೊಂದು ತೂತು, ಹಾಸಿಗೆ ಬರಿಯ ನೆಲ. ಜೊತೆಗೆ ಹಳೆಯ ಆಸ್ತಮಾ. ರಾತ್ರಿ ಆಕೆಯ ಚೀರಾಟ ತಮ್ಮ ಕೋಣೆಗೆ ಕೇಳುತ್ತಿತ್ತೆಂದು ಅಲ್ಲೇ ಸೆರೆಯಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. ಹೊಸದಾಗಿ ಬಂದ ಹೆಂಗಸರನ್ನು ಎಲ್ಲರೆದುರು ಬೆತ್ತಲೆ ಮಾಡುವ ಪದ್ಧತಿಯ ಬಗ್ಗೆ ಆಕೆ ಡೈರಿಯಲ್ಲಿ ಸಿಟ್ಟಿನಿಂದ ಬರೆದರು. ಜೊತೆಯ ಕೈದಿಗಳ ಪರ ಜಗಳಾಡಿದರು.

1977ರ ಜನವರಿ 15ಕ್ಕೆ ಪೆರೋಲ್. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ಇರಲಿಲ್ಲ.

ಸುರಪುರದವರಿಗೆ ಇಂಥ ಸಾವು ಅರ್ಥವಾಗುತ್ತದೆ. ಇಲ್ಲಿಯ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಸೆರೆಯಲ್ಲೇ ಗುಂಡಿಗೆ ಬಲಿಯಾದವನು. ಊರು ಅವನನ್ನಿನ್ನೂ ಬಿಟ್ಟುಕೊಟ್ಟಿಲ್ಲ. ಆದರೆ ಫ್ರೀಡಂ ಪಾರ್ಕಿನಲ್ಲಿ ಬುತ್ತಿ ಬಿಚ್ಚುವ ನಮ್ಮ ಹೆಣ್ಣುಮಕ್ಕಳಿಗೆ ಸ್ನೇಹಲತಾ ಹೆಸರು ಹೇಳಿದವರು ಕಡಿಮೆ. ದನಿ ಎತ್ತಿದ್ದಕ್ಕೆ ಆಕೆಯನ್ನು ಆ ಗೋಡೆಗಳ ಒಳಗೆ ಹಾಕಿದರು. ದನಿ ಎತ್ತಬೇಕೆಂದರೆ ಅಲ್ಲಿಗೇ ಬನ್ನಿ ಎಂದು ಇವರಿಗೆ ಹೇಳಿದ್ದಾರೆ. ಸಂಜೆ ರೈಲಿಗೆ ಹೊತ್ತಾಯಿತೆಂದು ಇವರು ಸೆರಗು ಕೊಡವಿ ಏಳುತ್ತಾರೆ. ಗೇಟು ತೆರೆದೇ ಇರುತ್ತದೆ.