ನಾಲ್ಕೇ ಹಾಡು, ಅರ್ಧ ಕಿಲೋಮೀಟರ್ ಗೆರೆ

ಹಾಡು ನಾಲ್ಕೇ, ಅವಧಿ ಮಾತ್ರ 45 ನಿಮಿಷ ದಾಟುತ್ತದೆ. ಅಮೆರಿಕದ ಗಾಯಕ ಐಸಾಕ್ ಹೇಯ್ಸ್ ಅವರ ಆಲ್ಬಮ್ ‘ಹಾಟ್ ಬಟರ್ಡ್ ಸೋಲ್’ 1969ರಲ್ಲಿ ಬಂದಾಗ ರೇಡಿಯೊದವರು ಕೇಳುತ್ತಿದ್ದದ್ದು ಮೂರು ನಿಮಿಷದ ಹಾಡು.

ಈ ಪ್ಲೇಟು ಹುಟ್ಟಿದ್ದೇ ಕಂಪನಿಯ ಕಷ್ಟಕಾಲದಲ್ಲಿ. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ 1967ರ ಡಿಸೆಂಬರ್ 10ರ ವಿಮಾನ ಅಪಘಾತದಲ್ಲಿ ತನ್ನ ತಾರಾ ಗಾಯಕ ಓಟಿಸ್ ರೆಡಿಂಗ್ ಅವರನ್ನು ಕಳೆದುಕೊಂಡಿತ್ತು. ಮರುವರ್ಷ ಹಳೆಯ ಧ್ವನಿಮುದ್ರಿಕೆಗಳೂ ಅಟ್ಲಾಂಟಿಕ್ ಕಂಪನಿಯ ಪಾಲಾದವು. ಬರಿದಾದ ಕಪಾಟು ತುಂಬಲು ಸ್ಟ್ಯಾಕ್ಸ್ ಅಧಿಕಾರಿ ಆಲ್ ಬೆಲ್ ಒಂದೇ ಏಟಿಗೆ 27 ಆಲ್ಬಮ್ ಮಾಡಿಸಿದರು. ಉಳಿದ ಇಪ್ಪತ್ತಾರು ಇರುವಾಗ ಒಂದು ಹೇಗಿದ್ದರೇನು? ಹೇಯ್ಸ್ ತಮಗೆ ತೋಚಿದಂತೆ ಮಾಡಿದರು. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಎರಡನೇ ಬದಿ ಹಾಕಿ ನೋಡಿ. ಗ್ಲೆನ್ ಕ್ಯಾಂಪ್‌ಬೆಲ್ ಮೂರು ನಿಮಿಷದೊಳಗೆ ಮುಗಿಸಿದ್ದ ‘ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್’ ಇಲ್ಲಿ 18 ನಿಮಿಷ 42 ಸೆಕೆಂಡ್. ಅದರಲ್ಲಿ ಮೊದಲ 8 ನಿಮಿಷಕ್ಕೂ ಹೆಚ್ಚು ಬರೀ ಮಾತು, ಹಿಂದೆ ಆರ್ಗನ್ನಿನ ಒಂದೇ ಎಳೆ. ನಿಮಿಷಕ್ಕೆ 33⅓ ಸುತ್ತಿನ ಲೆಕ್ಕದಲ್ಲಿ 266 ಸುತ್ತು ತಿರುಗಿದರೂ ಹಾಡು ಶುರುವಾಗಿರುವುದಿಲ್ಲ!

ಆ ಬದಿಯದು ಒಟ್ಟು ಸುಮಾರು 24 ನಿಮಿಷ, 800 ಸುತ್ತು. ಗೆರೆಯನ್ನು ಬಿಚ್ಚಿ ಹಾಸಿದರೆ ಅರ್ಧ ಕಿಲೋಮೀಟರ್ ಆದೀತು. ಮೆಲುಮಾತಿಗೆ ಗೆರೆ ಹೆಚ್ಚು ಜಾಗ ಕೇಳುವುದಿಲ್ಲ, ಅದಕ್ಕೇ ಇಷ್ಟು ಹಿಡಿಸಿದ್ದು. ಆದರೆ ಮುಳ್ಳಿನ ಕೆಳಗೆ ಗೆರೆ ಹಾಯುವ ವೇಗ ಅಂಚಿನಲ್ಲಿ ಸೆಕೆಂಡಿಗೆ 51 ಸೆಂ.ಮೀ. ಇದ್ದದ್ದು ನಡುವಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವಾದ್ಯಗಳೆಲ್ಲ ಉಕ್ಕಿ ಬರುವುದು ಸರಿಯಾಗಿ ಅಲ್ಲೇ. ಮೇಲುಸ್ವರಗಳು ತುಸು ಒರಟಾಗುತ್ತವೆ. ಸಿಡಿಯಲ್ಲಿ ಈ ತೊಂದರೆಯಿಲ್ಲ. ನನಗೆ ಮಾತ್ರ ಆ ಒರಟೇ ಹಿತ.

ಇನ್ನು ದುಡ್ಡಿನ ಮಾತು. ಆಗ ಅಮೆರಿಕದಲ್ಲಿ ಎಲ್‌ಪಿಯ ಮುದ್ರಿತ ಬೆಲೆ ಸಾಮಾನ್ಯವಾಗಿ 4.98 ಡಾಲರ್, ಅಂಗಡಿಯವರು ಇಳಿಸಿಯೂ ಕೊಡುತ್ತಿದ್ದರು. ಹಣದುಬ್ಬರ ಸೇರಿಸಿದರೆ 2023ರ ಲೆಕ್ಕಕ್ಕೆ ಅದು ಸುಮಾರು 41 ಡಾಲರ್. ಅದೇ 2023ರಲ್ಲಿ ಅಲ್ಲಿ 4.3 ಕೋಟಿ ವಿನೈಲ್ ಪ್ಲೇಟುಗಳಿಂದ ಬಂದದ್ದು ಹತ್ತಿರಹತ್ತಿರ 140 ಕೋಟಿ ಡಾಲರ್, ಅಂದರೆ ಒಂದಕ್ಕೆ ಸರಾಸರಿ 33ರೊಳಗೆ. ದುಬಾರಿ ಶೋಕಿ ಎಂದು ಮೂಗು ಮುರಿಯುವವರು ಈ ಗುಣಾಕಾರ ಮಾಡಿರಲಾರರು. ಆ ದುಡ್ಡಿಗೆ 12 ಅಂಗುಲದ ರಟ್ಟೂ ಬರುತ್ತದೆ: ನೆತ್ತಿಯ ಮೇಲಿಂದ ತೆಗೆದ ಹೇಯ್ಸ್ ಅವರ ಬೋಳುತಲೆಯ ಚಿತ್ರ. ಸಿಡಿಯಲ್ಲಿ ಅದೇ ತಲೆಗೆ ಸಿಗುವುದು ಸುಮಾರು ಆರನೇ ಒಂದು ಪಾಲು ಜಾಗ.