ಡಾಕ್ಟರೇಟಿನ ತರುವಾಯ

ಡಾಕ್ಟರೇಟ್ ಪದವಿ ಕೈಸೇರಿದೊಡನೆ ವಿಜ್ಞಾನಿಯ ವಿದ್ಯಾಭ್ಯಾಸ ಮುಗಿಯಿತೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ, ಅಲ್ಲಿಂದ ಮುಂದೆ ಕೆಲವು ವರ್ಷ ಬೇರೊಂದು ವಿಶ್ವವಿದ್ಯಾನಿಲಯದಲ್ಲಿ, ಬೇರೊಬ್ಬ ಹಿರಿಯರ ಬಳಿಯಲ್ಲಿ ಸಂಶೋಧನೆ ನಡೆಸುವ ಕ್ರಮವುಂಟು. ಇದಕ್ಕೆ ಪೋಸ್ಟ್‌ಡಾಕ್ಟರಲ್ ಸಂಶೋಧನೆಯೆಂದು ಹೆಸರು. ಇದರಲ್ಲಿ ಪರೀಕ್ಷೆಯಿಲ್ಲ, ಹೊಸ ಪದವಿಯೂ ಇಲ್ಲ. ಹಾಗಾದರೆ ದೊರೆಯುವುದೇನು? ಒಬ್ಬ ತರುಣನ ಕಥೆಯಿಂದ ಇದನ್ನು ತಿಳಿಯೋಣ.

1923ರ ಜುಲೈ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ವರ್ನರ್ ಹೈಸನ್‌ಬರ್ಗ್ ಎಂಬ 21 ವರ್ಷದ ವಿದ್ಯಾರ್ಥಿ ಡಾಕ್ಟರೇಟಿನ ಮೌಖಿಕ ಪರೀಕ್ಷೆಗೆ ಹಾಜರಾದನು. ಗಣಿತದಲ್ಲಿ ಅಸಾಧಾರಣನಾಗಿದ್ದ ಇವನನ್ನು ಪ್ರಾಧ್ಯಾಪಕ ವೀನ್ ಅವರು ಸೂಕ್ಷ್ಮದರ್ಶಕದ ಪೃಥಕ್ಕರಣ ಸಾಮರ್ಥ್ಯವನ್ನು ಕುರಿತು, ಎಂದರೆ ತೀರ ಸಮೀಪದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸುವ ಶಕ್ತಿಯನ್ನು ಕುರಿತು, ಪ್ರಶ್ನಿಸಿದರು. ಉತ್ತರ ಬರಲಿಲ್ಲ. ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆಂದು ಕೇಳಿದರು. ಅದಕ್ಕೂ ಉತ್ತರವಿಲ್ಲ. (ಇದನ್ನು ಮುಂದೊಡ್ಡಿ ನಮ್ಮ ಪಿ.ಯು.ಸಿ. ವಿದ್ಯಾರ್ಥಿಗಳು ಪಾರಾಗಲಾಗದು!) ಅಂತೂ ಕೆಳದರ್ಜೆಯಲ್ಲಿ ಪದವಿ ದೊರೆಯಿತು.

ಮರುವರ್ಷ ಅವನು ರಾಕ್‌ಫೆಲರ್ ನಿಧಿಯ ವಿದ್ಯಾರ್ಥಿವೇತನ ಪಡೆದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯಕ್ಕೆ ಹೋದನು. ಅಲ್ಲಿ ನೀಲ್ಸ್ ಬೋರ್ ಅವರು 1921ರಲ್ಲಿ ತೆರೆದ ಭೌತವಿಜ್ಞಾನ ಸಂಸ್ಥೆಗೆ ಹಲವು ದೇಶಗಳ ತರುಣರು ಬರುತ್ತಿದ್ದರು. ಜಪಾನಿನ ನಿಶಿನಾ 1923ರಿಂದಲೇ ಅಲ್ಲಿದ್ದರು. ಅಲ್ಲಿ ಪಾಠಕ್ಕಿಂತ ವಾದವೇ ಹೆಚ್ಚು. ಬೋರ್ ಅವರೊಡನೆ ನಡೆಯುತ್ತ, ತಡರಾತ್ರಿಯವರೆಗೆ ಚರ್ಚಿಸುತ್ತ ಕಲಿಯಬೇಕಾಗಿತ್ತು.

ಇಂಥ ವೇತನಕ್ಕೆ ಅವಧಿಯುಂಟು. ಅದು ತೀರಿದ ಮೇಲೆ ಉದ್ಯೋಗದ ಭರವಸೆಯಿಲ್ಲ. ಹೈಸನ್‌ಬರ್ಗನಿಗೆ ಹಿಂದಿರುಗಲು ಗಾಟಿಂಗನ್‌ನಲ್ಲಿ ಸ್ಥಾನವಿತ್ತು. ಎಲ್ಲರಿಗೂ ಅಂಥ ಸ್ಥಾನ ಕಾದಿರುವುದಿಲ್ಲ, ಇಂದಿಗೂ ಇಲ್ಲ. ಈ ದಾರಿ ಹಿಡಿಯುವವರು ಇದನ್ನು ತಿಳಿದೇ ಹೊರಡಬೇಕು.

1925ರ ಬೇಸಿಗೆಯಲ್ಲಿ ಹೈಸನ್‌ಬರ್ಗ್ ಕ್ವಾಂಟಂ ಬಲವಿಜ್ಞಾನಕ್ಕೆ ತಳಹದಿ ಹಾಕಿದನು. 1926ರಲ್ಲಿ ಬೋರ್ ಅವರ ಸಂಸ್ಥೆಗೆ ಅಧ್ಯಾಪಕನಾಗಿ ಮರಳಿ ಬಂದು, 1927ರಲ್ಲಿ ಅನಿಶ್ಚಯತಾ ತತ್ತ್ವದ ಪ್ರಬಂಧವನ್ನು ಬರೆದನು. ಎಲೆಕ್ಟ್ರಾನನ್ನು ಗ್ಯಾಮಾ ಕಿರಣದ ಸೂಕ್ಷ್ಮದರ್ಶಕದಿಂದ ನೋಡಿದರೆ, ಕಿರಣದ ಆಘಾತದಿಂದಲೇ ಅದರ ಸಂವೇಗ ಬದಲಾಗುವುದೆಂಬುದು ಅವನ ವಾದ. ಆಗ ನಾರ್ವೆಯಲ್ಲಿದ್ದ ಬೋರ್ ಹಿಂದಿರುಗಿ ಪ್ರಬಂಧವನ್ನೋದಿ ತಪ್ಪು ಹಿಡಿದರು. ಕಿರಣ ಚದರಿದ ದಿಕ್ಕು ತಿಳಿದಿದ್ದರೆ ಆಘಾತವೆಷ್ಟೆಂದು ಲೆಕ್ಕ ಹಾಕಬಹುದಲ್ಲವೆ? ಆದರೆ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲು ಮಸೂರದ ಬಾಯಿ ಅಗಲವಾಗಿರಬೇಕು. ಅಗಲವಾದರೆ ಕಿರಣ ಯಾವ ದಿಕ್ಕಿನಿಂದ ಒಳಹೊಕ್ಕಿತೆಂದು ತಿಳಿಯದು. ಅನಿಶ್ಚಯತೆಗೆ ಕಾರಣ ಅಲ್ಲಿದೆ. ಮ್ಯೂನಿಕ್‌ನಲ್ಲಿ ಕೈಕೊಟ್ಟ ಪೃಥಕ್ಕರಣ ಸಾಮರ್ಥ್ಯದ ಪ್ರಶ್ನೆಯೇ ಇದು!

ವಾದ ಬಿರುಸಾಗಿಯೇ ನಡೆಯಿತು. ಕೊನೆಗೆ ಹೈಸನ್‌ಬರ್ಗ್ ಅಚ್ಚಿನ ಕರಡಿನಲ್ಲಿ ಒಂದು ಅನುಬಂಧ ಸೇರಿಸಿ, ತಾನು ಬಿಟ್ಟುಹೋದ ಅಂಶಗಳನ್ನು ಬೋರ್ ತೋರಿಸಿಕೊಟ್ಟರೆಂದು ಒಪ್ಪಿಕೊಂಡನು.